ದುಡ್ಡಿನ ಡಬ್ಬ ಎತ್ತಿಕೊಂಡು ಹೋದವನು ಚಿಲಕ ಯಾಕೆ ಹಾಕಿದ?

ಮೇಗರವಳ್ಳಿ ತೋಟದವ:

ನಮ್ಮನೆ ಇರೋದು ಮೇಗರವಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ, ಟಾರು ರಸ್ತೆಯಿಂದ ಒಂದು ಫರ್ಲಾಂಗು ಒಳಗೆ. ಎರಡೂವರೆ ಎಕರೆ ಅಡಿಕೆ, ಮಧ್ಯೆ ಮಧ್ಯೆ ಪುಟ್ಟಬಾಳೆ. ಒಂದೊಂದೇ ಗೊನೆ ಹೊತ್ತು ತೀರ್ಥಹಳ್ಳಿಗೆ ಹೋದ್ರೆ ಬಸ್ ಚಾರ್ಜೂ ಹುಟ್ಟಲ್ಲ. ಅದಕ್ಕೆ ಡಿಸೆಂಬರಿನಲ್ಲಿ ರಸ್ತೆ ಬದಿಗೆ ಹಳೇ ಕೋಳಿಗೂಡು ಒಂದನ್ನ ತಂದಿಟ್ಟು, ಒಳಗೆ ಬಾಳೆಚಿಪ್ಪು ಜೋಡಿಸಿದೆ. ಕೋಳಿಗೂಡು ಯಾಕೆಂದ್ರೆ ಮಂಗನ ಕಾಟ. ಪಕ್ಕದಲ್ಲಿ ಬೋರ್ನ್‌ವಿಟಾ ಡಬ್ಬ, ಮುಚ್ಚಳದಲ್ಲಿ ಒಂದು ಸೀಳು. ರಟ್ಟಿನ ಮೇಲೆ ‘ಚಿಪ್ಪಿಗೆ 30 ರೂಪಾಯಿ. ದುಡ್ಡು ಡಬ್ಬಕ್ಕೆ ಹಾಕಿ, ಚಿಲಕ ಹಾಕಿ’ ಅಂತ ಬರೆದೆ. ಸ್ಕ್ಯಾನ್ ಮಾಡೋ ಸ್ಟಿಕರ್ ಅಂಟಿಸೋಣ ಅಂದ್ರೆ ಆ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲ. ಅಪ್ಪಯ್ಯ ನಕ್ಕರು. ‘ಮಂಗನಿಗೆ ಚಿಲಕ ತೆಗೆಯೋಕೆ ಬರಲ್ಲ ಮಾರಾಯ, ಮನುಷ್ಯನಿಗೆ ಬರುತ್ತೆ’ ಅಂದ್ರು.

ನಾನು ದಿನಾ ಸಂಜೆ ಲೆಕ್ಕ ಬರೆದಿಟ್ಟೆ. 40 ದಿನಕ್ಕೆ 186 ಚಿಪ್ಪು ಹೋಯ್ತು. ಬರಬೇಕಾದ್ದು 5,580, ಬಂದದ್ದು 5,310. 28 ದಿನ ಪೈಸೆ ಪೈಸೆ ಸರಿ. 5 ದಿನ ಹತ್ತತ್ತು ರೂಪಾಯಿ ಜಾಸ್ತಿ, ಪಾಪ, ಚಿಲ್ಲರೆ ಇಲ್ಲದೆ ಹಾಕಿ ಹೋದವರು. 7 ದಿನ ಕಮ್ಮಿ. ಅದರಲ್ಲಿ ಎರಡು ದಿನ 60, ಉಳಿದ ಐದೂ ದಿನ 40.

41ನೇ ದಿನ ಡಬ್ಬವೇ ಇಲ್ಲ! ಒಳಗೆ ಅಬ್ಬಬ್ಬಾ ಅಂದ್ರೆ ಇನ್ನೂರು ರೂಪಾಯಿ ಇದ್ದೀತು. ಅದು ಹೋಗಿದ್ದಕ್ಕೆ ಬೇಜಾರಿಲ್ಲ. ನನ್ನ ತಲೆ ತಿನ್ನುತ್ತಿರೋದು ಬೇರೆ. ಗೂಡಿನಲ್ಲಿ ಮೂರು ಚಿಪ್ಪು ಹಾಗೇ ಇತ್ತು, ಚಿಲಕ ಹಾಕಿತ್ತು. ಚಿಲಕ ಸಡಿಲ ಅಂತ ನಾನು ಬೆಳಿಗ್ಗೆ ಬಾಳೆನಾರಿನಲ್ಲಿ ಜೀರುಗಂಟು ಹಾಕಿ ಬಂದಿದ್ದೆ. ಸಂಜೆ ನೋಡಿದ್ರೆ ಗಂಟು ನಂದಲ್ಲ, ಎರಡು ಸುತ್ತು ಬಿಗಿದು ಕಟ್ಟಿದ್ದಾರೆ. ನನ್ನ ದುಡ್ಡು ಕದ್ದವನಿಗೆ ನನ್ನ ಹಣ್ಣು ಮಂಗನ ಪಾಲಾಗಬಾರದು ಅಂತ ಅನ್ನಿಸಿತಾ? ಇಂಥವನನ್ನ ಏನಂತ ಕರೆಯೋದು? ಮನುಷ್ಯ ಹುಟ್ಟಾ ಒಳ್ಳೆಯವನಾ, ಕೆಟ್ಟವನಾ?

ಸಾಗರದ ನಿವೃತ್ತ ಮೇಷ್ಟ್ರು:

ತಮ್ಮಾ, ನಿನ್ನ ಪ್ರಶ್ನೆಗೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಚೀನಾದಲ್ಲಿ ಮೆನ್ಷಿಯಸ್ ಅಂತ ಒಬ್ಬ. ಅವನು ಕೊಟ್ಟ ಉದಾಹರಣೆ ಇದು: ಮಗು ಬಾವಿಗೆ ಬೀಳೋದರಲ್ಲಿದೆ, ಯಾರು ನೋಡಿದ್ರೂ ಎದೆ ಧಸಕ್ ಅನ್ನುತ್ತೆ. ಅಪ್ಪ ಅಮ್ಮನ ಸ್ನೇಹ ಸಿಗಲಿ, ಊರವರು ಹೊಗಳಲಿ ಅಂತ ಲೆಕ್ಕ ಹಾಕಿ ಅಲ್ಲ, ತಂತಾನೇ. ಆ ಧಸಕ್ಕೇ ಒಳ್ಳೆಯತನದ ಮೊಳಕೆ ಅಂದ. ಅವನ ನಂತರ ಬಂದ ಶುನ್‌ಜಿ ಒಪ್ಪಲಿಲ್ಲ. ಮನುಷ್ಯ ಹುಟ್ಟಾ ಸೊಟ್ಟ ಮರ, ಹಬೆಯಲ್ಲಿ ಬೇಯಿಸಿ ಪಟ್ಟು ಹಾಕಿ ನೆಟ್ಟಗೆ ಮಾಡಬೇಕು ಅಂದ.

31 ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದವನು ನಾನು. ಜೂನ್ ತಿಂಗಳಲ್ಲಿ ಶುನ್‌ಜಿಯೇ ಸರಿ ಅನ್ನಿಸ್ತಿತ್ತು, ಪೆನ್ಸಿಲ್ಲಿಗೆ ಕಚ್ಚಾಡೋರು. ಆದ್ರೆ ಮಳೆಗಾಲದಲ್ಲಿ ಒಂದು ಮಗು ಸಂಕದ ಮೇಲೆ ಜಾರಿತು ಅಂದ್ರೆ ಹಿಂದಿದ್ದ ನಾಲ್ಕೂ ಕೈ ಒಟ್ಟಿಗೇ ಮುಂದೆ ಬರ್ತಿದ್ವು, ಪೆನ್ಸಿಲ್ ಕದ್ದವನ ಕೈಯೂ ಸೇರಿ. ನಿನ್ನ ಕಳ್ಳನ ಗಂಟು ಓದಿದಾಗ ಆ ಕೈ ನೆನಪಾಯ್ತು.

ಗಾಂಧಿಬಜಾರ್ ಕಿರಾಣಿ:

ಮೇಷ್ಟ್ರೇ, ಕಥೆ ಚೆನ್ನಾಗಿದೆ. ಆದ್ರೆ ಡಬ್ಬ ಎತ್ತಿದವನೇ ಚಿಲಕ ಹಾಕಿದ ಅಂತ ಗ್ಯಾರಂಟಿ ಏನು? ಹಣ್ಣು ತಗೊಂಡವರು ಬಿಗಿದು ಕಟ್ಟಿ ಹೋಗಿರ್ತಾರೆ, ಆಮೇಲೆ ಬಂದವನು ಡಬ್ಬ ಹೊಡೆದಿರ್ತಾನೆ. ಇಬ್ಬರನ್ನ ಒಬ್ಬ ಮಾಡಿ ತತ್ವಜ್ಞಾನ ಹೇಳ್ತಿದ್ದೀರಿ. ನಮ್ಮ ಅಂಗಡಿಯಲ್ಲಿ ಕ್ಯಾಮೆರಾ ಹಾಕಿದ ತಿಂಗಳಿಂದ ಕಡ್ಲೆಬೀಜದ ಮೂಟೆ ತೂಕ ಸರಿಯಾಗಿದೆ ನೋಡಿ. ನನ್ನ ವೇದಾಂತ ಅಷ್ಟೇ.

ಹೊಸನಗರ ಕ್ಯಾಶ್ ಕೌಂಟರ್:

ಕಿರಾಣಿ ಅಣ್ಣನ ಅನುಮಾನ ಸರಿಯೇ. ಆದ್ರೆ ‘ನೋಡೋರಿಲ್ಲ ಅಂದ್ರೆ ಎಲ್ಲರೂ ಕಳ್ಳರೇ’ ಅನ್ನೋದನ್ನ ಒಪ್ಪಲಾರೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 40 ದೇಶ, 355 ಊರು, 17,000ಕ್ಕೂ ಹೆಚ್ಚು ಪರ್ಸು. ಬ್ಯಾಂಕು, ಪೋಸ್ಟಾಫೀಸು, ಹೋಟೆಲ್ಲುಗಳ ಕೌಂಟರಿಗೆ ಹೋಗಿ ‘ಇದು ರಸ್ತೆಯಲ್ಲಿ ಸಿಕ್ತು, ನೀವೇ ಮುಟ್ಟಿಸಿ’ ಅಂತ ಕೊಟ್ಟು ಬಂದ್ರು. ನಮ್ಮ ದೇಶವೂ ಅದರಲ್ಲಿತ್ತು. ಖಾಲಿ ಪರ್ಸಿನ ವಾರಸುದಾರರಿಗೆ ತಿಳಿಸಿದವರು ನೂರಕ್ಕೆ 40, ದುಡ್ಡಿದ್ದ ಪರ್ಸಿಗೆ 51! ದುಡ್ಡಿದ್ರೆ ಜೇಬಿಗಿಳಿಸ್ತಾರೆ ಅಂತಲೇ ಅರ್ಥಶಾಸ್ತ್ರದವರೂ ಅಂದುಕೊಂಡಿದ್ರಂತೆ. ದುಡ್ಡು ಜಾಸ್ತಿಯಾದಷ್ಟೂ ‘ನಾನು ಕಳ್ಳ’ ಅಂತ ತನಗೇ ಅನ್ನಿಸೋದು ಜಾಸ್ತಿ, ಅದು ಸಹಿಸೋಕಾಗಲ್ಲ ಅಂತ ಅವರ ವಿವರಣೆ. ಕೌಂಟರಿನ ಈಚೆ ಕೂತವಳಾಗಿ ನನಗೆ ಇದು ನಿಜ ಅನ್ನಿಸುತ್ತೆ. ಜಾಸ್ತಿ ಹೋದ ಐನೂರರ ನೋಟು ವಾಪಸ್ ಬಂದಿದೆ, ನನ್ನ ಪೆನ್ನು ಯಾವತ್ತೂ ಬಂದಿಲ್ಲ.

ಅದಿರಲಿ, ತೋಟದಣ್ಣ, ನಿಮ್ಮ ಲೆಕ್ಕದಲ್ಲಿ ಒಂದು ಕಣ್ಣಿಗೆ ಚುಚ್ಚುತ್ತಿದೆ. ಚಿಪ್ಪಿಗೆ 30. ಕದ್ದು ತಿಂದ್ರೆ 30 ಕಮ್ಮಿಯಾಗಬೇಕು, 60 ಆಗಬೇಕು. ಐದೈದು ದಿನ ಸರಿಯಾಗಿ 40 ಹೇಗೆ ಕಮ್ಮಿ ಬರುತ್ತೆ? ಅದು ಹಣ್ಣು ಕದ್ದ ಲೆಕ್ಕ ಅಲ್ಲ. ನಿಗದಿ ಖರ್ಚಿಗೆ ಯಾರೋ ಕೈ ಹಾಕಿದ ಲೆಕ್ಕ. ತೇದಿ ನೋಡಿ.

ಮೇಗರವಳ್ಳಿ ತೋಟದವ:

ಅಕ್ಕಾ, ನಿಮ್ಮ ಕೌಂಟರಿಗೆ ದೊಡ್ಡ ನಮಸ್ಕಾರ. ತೇದಿ ನೋಡಿದೆ. ಐದೂ ಸೋಮವಾರ. ಅಮ್ಮ ಮೊಣಕಾಲಿನ ಮದ್ದಿಗೆ ತೀರ್ಥಹಳ್ಳಿಗೆ ಹೋಗೋ ವಾರ. ನಮ್ಮ ಹೊತ್ತಿಗೆ ಸಿಗೋದು ಪ್ರೈವೇಟ್ ಬಸ್ಸು, ಶಕ್ತಿ ಯೋಜನೆ ಅದಕ್ಕಿಲ್ಲ. ಹೋಗಿ ಬರೋಕೆ 40. ಕೇಳಿದ್ರೆ ಒಂದು ಚೂರೂ ತಡವರಿಸದೆ, ‘ನಮ್ಮದೇ ಡಬ್ಬ ಅಲ್ಲನಾ? ನೂರರ ನೋಟು ಕೊಟ್ರೆ ಕಂಡಕ್ಟರ್ ಬೈತಾನೆ’ ಅಂದ್ಲು. ನಾನು ಎರಡು ತಿಂಗಳು ಆ ರಸ್ತೆಯಲ್ಲಿ ಹೋಗೋ ಪ್ರತಿ ಬೈಕಿನವನ ಮುಖ ನೋಡಿ ‘ಇವನೇ ಇರಬೇಕು’ ಅಂದುಕೊಂಡಿದ್ದೆ. ಒಬ್ಬನ ಹತ್ತಿರ ಮಾತೂ ಬಿಟ್ಟಿದ್ದೆ, ಅವನಿಗೆ ಕಾರಣವೇ ಗೊತ್ತಿಲ್ಲ.

ಅಮ್ಮನ 200 ಕಳೆದ್ರೆ ದಾರಿಹೋಕರು 40 ದಿನಕ್ಕೆ ಉಳಿಸಿಕೊಂಡಿದ್ದು ಬರೀ 70 ರೂಪಾಯಿ. ಅಪ್ಪಯ್ಯನಿಗೆ ಹೇಳಿದೆ. ‘ಡಬ್ಬ?’ ಅಂದ್ರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಿರಾಣಿ ಅಣ್ಣ ಹೇಳಿದ ಹಾಗೆ ಇಬ್ಬರೇ ಇರಬಹುದು. ಆದ್ರೂ ಆ ಬಾಳೆನಾರು ಬಿಸಾಡೋಕೆ ಮನಸ್ಸು ಬರದೆ ಜಗುಲಿ ಮೊಳೆಗೆ ನೇತುಹಾಕಿದ್ದೀನಿ.

ನಿನ್ನೆ ಹೊಸ ಡಬ್ಬ ಇಟ್ಟೆ. ಈ ಸಲ ಕಂಬಕ್ಕೆ ತಂತಿ ಸುತ್ತಿ, ಮುಚ್ಚಳಕ್ಕೆ ಸಣ್ಣ ಬೀಗ. ಅಮ್ಮ ಹೋಗಿ ನೋಡಿ ಬಂದವಳು ಸಿಟ್ಟಲ್ಲಿ ಕೇಳ್ತಿದ್ದಾಳೆ: ‘ಸೋಮವಾರ ನಾನು ಬಸ್ಸಿಗೆ ಚಿಲ್ಲರೆ ಎಲ್ಲಿಂದ ತರ್ಲಾ?’