ಗಗನನೌಕೆಯ ಅಧಿಕಾರಿಗಳಿಗೆ ಕಡಲಿನ ಪದವಿಗಳೇಕೆ?

ಪ್ರಶ್ನೆ (ಬೋಳೂರು, ಮಂಗಳೂರು)
ನಾನು ಕನ್ನಡದಲ್ಲಿ ಒಂದು ವೈಜ್ಞಾನಿಕ ಕಥೆ ಬರೆಯುತ್ತಿದ್ದೇನೆ. ಹಸ್ತಪ್ರತಿಯಲ್ಲಿ ನೌಕೆಯ ಮುಖ್ಯಸ್ಥನನ್ನು ಮೊದಲು ‘ಕ್ಯಾಪ್ಟನ್’ ಎಂದು ಬರೆದು ಹೊಡೆದುಹಾಕಿದೆ, ಬಳಿಕ ‘ದಳವಾಯಿ’ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರು ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಹೀಗಿರುವಾಗ ಕಥೆಗಳಲ್ಲಿ ಅಡ್ಮಿರಲ್, ಕ್ಯಾಪ್ಟನ್ ಮೊದಲಾದ ನೌಕಾಪಡೆಯ ಪದವಿಗಳೇ ಏಕೆ ತುಂಬಿಕೊಂಡಿವೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಉಡುಪಿ, ನಿವೃತ್ತ ಇತಿಹಾಸ ಅಧ್ಯಾಪಕಿ)
ಕಾರಣ ಕೆಲಸದ ಸ್ವರೂಪದಲ್ಲಿದೆ. ಯುದ್ಧವಿಮಾನ ಕೆಲವೇ ಗಂಟೆಗಳಲ್ಲಿ ನೆಲೆಗೆ ಮರಳುತ್ತದೆ. ಆದರೆ ತಿಂಗಳುಗಟ್ಟಲೆ ದಡ ಕಾಣದೆ, ಮೇಲಿನವರ ಅಪ್ಪಣೆಗೆ ಕಾಯಲೂ ಆಗದೆ, ನೂರಾರು ಜನರ ಅನ್ನ, ನೀರು, ನ್ಯಾಯಗಳನ್ನೆಲ್ಲ ತಾನೇ ನೋಡಿಕೊಳ್ಳಬೇಕಾಗಿದ್ದವನು ಹಾಯಿಹಡಗಿನ ಕಪ್ತಾನ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ನೆಪೋಲಿಯನ್ ಕಾಲದ ಬ್ರಿಟಿಷ್ ನೌಕಾಧಿಕಾರಿಯೊಬ್ಬನ ಕಾಲ್ಪನಿಕ ಸಾಹಸಗಳು ಮಾದರಿಯಾಗಿದ್ದವು.

ಪದಗಳ ಪ್ರಯಾಣ ಇನ್ನೂ ಸ್ವಾರಸ್ಯಕರವಾಗಿದೆ. ‘ಅಡ್ಮಿರಲ್’ನ ಮೂಲ ಅರಬ್ಬಿಯ ‘ಅಮೀರ್’. ಫ್ರೆಂಚ್ ಮೂಲದ ‘ಲೆಫ್ಟಿನೆಂಟ್’ ಎಂದರೆ ಇನ್ನೊಬ್ಬರ ಸ್ಥಾನದಲ್ಲಿ ನಿಂತವನು. ಅರಬ್ಬಿಯ ‘ನಾಯಿಬ್’ಗೂ ಅದೇ ಅರ್ಥ. 1965ರ ‘ಡ್ಯೂನ್’ ಕಾದಂಬರಿಯಲ್ಲಿ ಮರುಭೂಮಿಯ ಜನರ ಮುಖಂಡನನ್ನು ಕರೆಯುವುದು ಇದೇ ‘ನಾಯಿಬ್’ ಎಂಬ ಹೆಸರಿನಿಂದ. ಅಲ್ಲಿನ ಚಕ್ರವರ್ತಿಯ ಬಿರುದು ಪರ್ಷಿಯನ್ನಿನ ‘ಪಾದಿಷಾ’, ಅಂದರೆ ನಮ್ಮ ‘ಬಾದಶಹ’. ನಮ್ಮ ಸೇನೆಯ ನಾಯಬ್ ಸುಬೇದಾರರ ಪದವಿಯಲ್ಲಿರುವುದೂ ಆ ‘ನಾಯಿಬ್’ ಪದವೇ, ‘ನವಾಬ’ ಬಂದದ್ದೂ ಅದರ ಬಹುವಚನದಿಂದ. ದೂರದ ಗ್ರಹದ ಕಥೆಯಲ್ಲಿ ಇಷ್ಟು ಪರಿಚಿತ ಹೆಸರುಗಳು ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟಿತ್ತು.

ಉತ್ತರ 2 (ಮಲ್ಪೆ)
‘ದಳವಾಯಿ’ ಖಂಡಿತ ಬೇಡ, ಅದು ನೆಲದ ಮೇಲಿನ ದಂಡಿನ ಮಾತು. ನಮ್ಮಲ್ಲಿ ಬೋಟು ನಡೆಸುವವನು ತಾಂಡೇಲ. ಆಳಸಮುದ್ರ ಮೀನುಗಾರಿಕೆಗೆ ಹೊರಟಾಗ ಮಾಲಕರು ದಡದಲ್ಲಿರುತ್ತಾರೆ; ಬಲೆ ಎಲ್ಲಿ ಬಿಡಬೇಕು, ಉಳಿದ ಡೀಸೆಲ್ ಮತ್ತು ಮಂಜುಗಡ್ಡೆ ನೋಡಿ ಯಾವಾಗ ತಿರುಗಬೇಕು ಎಂಬ ತೀರ್ಮಾನವೆಲ್ಲ ತಾಂಡೇಲನದೇ. ನನ್ನ ತಂದೆಯವರು ತಾಂಡೇಲರಾಗಿದ್ದರು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದಾಗ ಅವರು ಕೈ ಎತ್ತಿದರೆ ಸಾಕು, ಹಿಂದೆ ನಿಂತವರು ಬಲೆ ಬಿಡುತ್ತಿದ್ದರು.

ಉತ್ತರ 3 (ಮಂಗಳೂರು)
‘ಆಸ್ಟ್ರೋನಾಟ್’ ಪದದ ಉತ್ತರಾರ್ಧ ಗ್ರೀಕಿನಲ್ಲಿ ನಾವಿಕ ಎಂಬ ಅರ್ಥದ್ದು, ನಮ್ಮ ‘ನೌಕೆ’ಯೊಂದಿಗೆ ಒಂದೇ ಬೇರಿನಿಂದ ಹುಟ್ಟಿದ್ದು. ‘ಗಗನನೌಕೆ’ ಎಂದು ಬರೆದ ಮೇಲೆ ತಾಂಡೇಲನನ್ನು ಕರೆತರಲು ಸಂಕೋಚವೇಕೆ?

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಮೊದಲ ಅಧ್ಯಾಯದಲ್ಲಿ ‘ತಾಂಡೇಲ’ ಎಂದು ತಿದ್ದಿದ್ದೇನೆ. ಅವನ ಗೈರುಹಾಜರಿಯಲ್ಲಿ ನೌಕೆ ನಡೆಸುವವಳಿಗೆ ‘ನಾಯಬ್’ ಎಂಬ ಪದವಿ ಸರಿಹೊಂದೀತೇ?