ಥರ್ಮೋಸ್ಟಾಟ್ ಕೀಳೋದಾ, ಬಿಡೋದಾ? ಮನೆ ಗುಂಪಲ್ಲಿ ಜಟಾಪಟಿ

ಚಿಕ್ಕಪ್ಪ (ಫಾರ್ವರ್ಡ್): "ಹಳೇ ಕಾರು ಹೀಟ್ ಆಗ್ತಿದೆಯಾ? ಮೆಕ್ಯಾನಿಕ್‌ಗಳು ಬಾಯಿಬಿಡದ ಗುಟ್ಟು! ಥರ್ಮೋಸ್ಟಾಟ್ ಕಿತ್ತೆಸೆಯಿರಿ, ಎಂಜಿನ್ ಜನ್ಮದಲ್ಲಿ ಬಿಸಿಯಾಗಲ್ಲ. ಎಲ್ಲರಿಗೂ ಕಳಿಸಿ."

ಚಿಕ್ಕಪ್ಪ: ನೋಡಮ್ಮ, ನಿನ್ನ ಗಾಡಿಗೆ ಇದೇ ಮದ್ದು. ನಾಳೆನೇ ತೆಗೆಸಿಬಿಡು.

ಭಾವ: ಅಯ್ಯೋ ಮಾವ! ಥರ್ಮೋಸ್ಟಾಟ್ ಅಂದ್ರೆ ಎಂಜಿನ್ ಬಿಸಿಯೇರೋವರೆಗೂ ನೀರನ್ನ ತಣ್ಣಗಾಗೋಕೆ ರೇಡಿಯೇಟರ್‌ಗೆ ಬಿಡದ ಕವಾಟ. ಎಂಜಿನ್ 90 ಡಿಗ್ರಿ ಆಸುಪಾಸಲ್ಲಿ ಓಡ್ಲಿ ಅಂತಾನೇ ಅದನ್ನ ಮಾಡಿರೋದು. ಬೇಗ ಬಿಸಿಯೇರದಿದ್ರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಒಳಗೆ ಸವೆತಾನೂ ಜಾಸ್ತಿ.

ಚಿಕ್ಕಪ್ಪ: ಥರ್ಮೋಸ್ಟಾಟ್ ಮುಚ್ಚಿದ ಹಾಗೇ ಅಂಟಿಕೊಂಡ್ರೆ ನೀರು ರೇಡಿಯೇಟರ್‌ಗೆ ಹೋಗೋದೇ ಇಲ್ಲ. ಇದು ಸುಳ್ಳಾ?

ಭಾವ: ಸುಳ್ಳಲ್ಲ. ಆದ್ರೆ ಅಂಟಿದ್ರೆ ಹೊಸದು ಹಾಕ್ಬೇಕು, ಜಾಗ ಖಾಲಿ ಬಿಡೋದಲ್ಲ. ಕೆಲವು ಎಂಜಿನ್‌ನಲ್ಲಿ ಅದು ತೆರೆದುಕೊಂಡಾಗ ಬೈಪಾಸ್ ದಾರಿ ಮುಚ್ಚುತ್ತೆ. ಕಿತ್ತುಹಾಕಿದ್ರೆ ಬೈಪಾಸ್ ಯಾವಾಗ್ಲೂ ತೆರೆದೇ ಇರುತ್ತೆ. ಒಂದಷ್ಟು ನೀರು ರೇಡಿಯೇಟರ್ ಮುಖಾನೂ ನೋಡದೆ ಎಂಜಿನ್‌ಗೆ ವಾಪಸ್. ಆಗ ಹೀಟ್ ಇನ್ನೂ ಜಾಸ್ತಿ.

ಅಕ್ಕ: ಇಷ್ಟೊತ್ತು ಹೊಡೆದಾಡಿದ್ರಲ್ಲ, ಗಾಡಿ ಯಾವಾಗ ಬಿಸಿಯಾಗುತ್ತೆ ಅಂತ ಅವಳನ್ನ ಒಬ್ಬರಾದ್ರೂ ಕೇಳಿದ್ರಾ?

ದೊಡ್ಡಪ್ಪ: ಹಾಗೆ ಕೇಳು. ಟ್ರಾಫಿಕ್‌ನಲ್ಲಿ ನಿಂತಾಗ್ಲೋ, ಹೈವೇಲಿ ಹೋಗುವಾಗ್ಲೋ?

ನಾನು: ನಿಂತಾಗ ದೊಡ್ಡಪ್ಪ. ಸಿಗ್ನಲ್‌ನಲ್ಲಿ ಟೆಂಪರೇಚರ್ ಮುಳ್ಳು ಏರುತ್ತೆ, ಗಾಡಿ ಹೊರಟ್ರೆ ತಾನಾಗೇ ಇಳಿಯುತ್ತೆ.

ದೊಡ್ಡಪ್ಪ: ಹಾಗಾದ್ರೆ ರೇಡಿಯೇಟರ್ ಫ್ಯಾನ್ ನೋಡು. ಓಡುವಾಗ ಗಾಳಿ ತಾನೇ ನುಗ್ಗುತ್ತೆ, ನಿಂತಾಗ ಫ್ಯಾನೇ ಗತಿ. ಹೈವೇಲಿ ಏರುತ್ತೆ ಅಂದಿದ್ರೆ ರೇಡಿಯೇಟರ್ ಕಟ್ಟಿಕೊಂಡಿದೆ, ವಾಟರ್ ಪಂಪ್ ಸೋತಿದೆ, ಇಲ್ಲಾ ಕೆಳಗಿನ ಹೋಸ್ ಒಳಕ್ಕೆ ಎಳ್ಕೊಂಡು ಚಪ್ಪಟೆಯಾಗ್ತಿದೆ ಅಂತ ಹೇಳ್ತಿದ್ದೆ. ಥರ್ಮೋಸ್ಟಾಟ್ ಅಂಟಿದ್ರೆ ಗಾಡಿ ಹೊರಟ ಮಾತ್ರಕ್ಕೆ ಮುಳ್ಳು ಇಳಿಯಲ್ಲ.

ಚಿಕ್ಕಪ್ಪ: ಹೆಡ್ ಗ್ಯಾಸ್ಕೆಟ್, ಅದೇ ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲು, ಹೋಗಿದ್ರೆ? ಹಳೇ ಗಾಡಿ ಅಣ್ಣ.

ದೊಡ್ಡಪ್ಪ: ಅದು ನ್ಯಾಯವಾದ ಪ್ರಶ್ನೆ. ಎಲ್ಲೂ ಸೋರದೇ ಕೂಲಂಟ್ (ಎಂಜಿನ್ ತಣ್ಣಗಿಡೋ ನೀರು) ಕಮ್ಮಿಯಾಗ್ತಿದ್ರೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರ್ತಾನೇ ಇದ್ರೆ, ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ ನಿಲ್ಲದಿದ್ರೆ ಅನುಮಾನ ಪಡಬೇಕು. ಆಯಿಲ್ ಮುಚ್ಚಳದೊಳಗೆ ಒಂಚೂರು ಕೆನೆಬಣ್ಣದ ಜಿಡ್ಡು ಕಂಡ್ರೆ ಗಾಬರಿ ಬೇಡ, ಬರೀ ಹತ್ತಿರದ ಓಡಾಟದ ಗಾಡೀಲಿ ಆ ತೇವ ಇದ್ದದ್ದೇ. ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಎಳೆದು ನೋಡು, ಆಯಿಲೇ ಹಾಲು ಬೆರೆತ ಹಾಗೆ ಬಣ್ಣ ಕೆಟ್ಟಿದ್ರೆ ಮಾತ್ರ ತಲೆ ಕೆಡಿಸ್ಕೋ.

ನಾನು: ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾಗಿದೆ. ಬಿಳಿ ಹೊಗೆ ಇಲ್ಲ. ಈಗಷ್ಟೇ ಬಂದೆ, ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡ್ಲಾ?

ದೊಡ್ಡಪ್ಪ: ಮುಟ್ಟಬೇಡ!! ಒಳಗೆ ಹೊರಗಿನ ಗಾಳಿಗಿಂತ ಹೆಚ್ಚುಕಮ್ಮಿ 1 ಬಾರ್ ಜಾಸ್ತಿ ಒತ್ತಡ ಇರುತ್ತೆ. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿವರೆಗೆ ಕುದಿಯಲ್ಲ. ಮುಚ್ಚಳ ಸಡಿಲಿಸಿದ ಕ್ಷಣ ಕುದ್ದು ಮುಖಕ್ಕೇ ಹಾರುತ್ತೆ. ಪೂರ್ತಿ ತಣ್ಣಗಾಗ್ಲಿ.

ಭಾವ: ಅಷ್ಟರಲ್ಲಿ ಇನ್ನೊಂದು ನೋಡು. ಸ್ಟಾರ್ಟ್ ಮಾಡಿ ಎಸಿ ಹಾಕು. ಬಹಳಷ್ಟು ಗಾಡೀಲಿ ಎಸಿ ಹಾಕಿದ್ರೆ ಫ್ಯಾನೂ ತಿರುಗಬೇಕು. ತಿರುಗಿದ್ರೆ ಮೋಟರ್ ಚೆನ್ನಾಗಿದೆ, ಸೆನ್ಸರ್ ನೋಡ್ಬೇಕು. ತಿರುಗದಿದ್ರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡೋ ಪುಟ್ಟ ಸ್ವಿಚ್), ಮೋಟರ್ ನೋಡ್ಬೇಕು. ಕೈ ಮಾತ್ರ ಫ್ಯಾನ್ ಹತ್ರ ಒಯ್ಯಬೇಡ.

ನಾನು: ಎಸಿ ಹಾಕಿದೆ, ಫ್ಯಾನ್ ಅಲ್ಲಾಡ್ಲಿಲ್ಲ. ಫ್ಯೂಸ್ ಹೋಗಿಲ್ಲ.

ಭಾವ: ಕೀ ತೆಗೆದು ರಿಲೇ ನೋಡು. ಹಾರ್ನ್ ರಿಲೇ ಮೇಲೂ ಅದೇ ನಂಬರ್ ಇದ್ರೆ, ಅದನ್ನ ತಂದು ಫ್ಯಾನ್ ಜಾಗದಲ್ಲಿ ಹಾಕು.

ಅಕ್ಕ: ಏನಾಯ್ತು?

ನಾನು: ತಿರುಗ್ತು!! ಹಳೇ ರಿಲೇದು ಒಂದು ಕಾಲು (ಪಿನ್) ಕಪ್ಪಗಾಗಿದೆ, ಅದರ ಸುತ್ತ ಪ್ಲಾಸ್ಟಿಕ್ ಕರಗಿ ಉಬ್ಬಿದೆ. ಫೋಟೋ ಹಾಕ್ತೀನಿ.

ಅಕ್ಕ: ಚಿಕ್ಕಪ್ಪ, ಇನ್ನಾದ್ರೂ ಆ ಮೆಸೇಜ್ ಡಿಲೀಟ್ ಮಾಡಿ.

ಚಿಕ್ಕಪ್ಪ: ಯಾಕೆ ಮಾಡ್ಲಿ? ನಾನು ಅದನ್ನ ಹಾಕಿದ್ದಕ್ಕೇ ತಾನೇ ರಿಲೇ ಸಿಕ್ಕಿದ್ದು!

ದೊಡ್ಡಪ್ಪ: ಫೋಟೋ ನೋಡಿದೆ. ಕಾಲು ಹಾಗೆ ಸುಟ್ಟಿದೆ ಅಂದ್ರೆ ಒಂದೋ ಸಾಕೆಟ್ ಸಡಿಲ, ಇಲ್ಲಾ ಮೋಟರ್ ಹೆಚ್ಚು ಕರೆಂಟ್ ಎಳೀತಿದೆ. ಎರಡನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸು, ಇಲ್ಲದಿದ್ರೆ ಹೊಸ ರಿಲೇನೂ ಸುಟ್ಟುಹೋಗುತ್ತೆ. ಅಲ್ಲೀವರೆಗೆ ಹಾರ್ನ್ ಇಲ್ಲ ಅನ್ನೋದು ನೆನಪಿರ್ಲಿ, ನಿಧಾನಕ್ಕೆ ಓಡಿಸು.