ಪದಚರ್ಚೆ: ಕಮೂ ಹೇಳುವ ‘ಆಬ್ಸರ್ಡ್’ಗೆ ಯಾವ ಪದ ಹಾಕಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಮುಂದಿನ ತಿಂಗಳಿಂದ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂವಿನ ಬದುಕು, ಕಾದಂಬರಿಗಳನ್ನು ಓದಲು ಶುರು ಮಾಡುತ್ತಿದ್ದೇವೆ. ಬ್ಯಾನರ್ ಇವತ್ತು ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಕಮೂ ಮತ್ತು...’ ಅಂತ ಬರೆದು ಜಾಗ ಬಿಟ್ಟಿದ್ದೇನೆ. ‘ಆಬ್ಸರ್ಡ್’ಗೆ ಅಸಂಗತ, ಅಸಂಬದ್ಧ, ಅರ್ಥಹೀನ ಮೂರೂ ಬಳಕೆಯಲ್ಲಿವೆ. ಯಾವುದು ಸರಿ? ನಾಮಪದವಾಗಿ ನಿಲ್ಲಬೇಕು.

ಉತ್ತರ 1:
ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ? ‘ಅರ್ಥಹೀನತೆ’ ಹಾಕಿ. ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ.

ಉತ್ತರ 2:
ಮೂರೂ ಸಂಸ್ಕೃತ. ಕನ್ನಡದ ಪದ ಯಾರಿಗೂ ಹೊಳೆಯಲೇ ಇಲ್ಲವೇ? ‘ಹೊಂದಿಕೆಗೇಡು’ ಅನ್ನಿ.

ಉತ್ತರ 3:
‘ಅರ್ಥಹೀನತೆ’ ಮಾತ್ರ ಬೇಡ, ದಯವಿಟ್ಟು. ಲೋಕ ಅರ್ಥಹೀನ ಅಂತ ಹೇಳಿ ಕಮೂ ಕೈತೊಳೆದುಕೊಳ್ಳಲಿಲ್ಲ. 1942ರಲ್ಲಿ ಬಂದ, ಸಿಸಿಫಸ್ (ಬಂಡೆಯನ್ನು ಬೆಟ್ಟಕ್ಕೆ ಉರುಳಿಸುತ್ತಲೇ ಇರುವ ಗ್ರೀಕ್ ಪುರಾಣದವನು) ಕುರಿತ ಅವನ ಪುಸ್ತಕ ತೆಗೆದು ನೋಡಿ. ಮನುಷ್ಯ ಕೇಳುತ್ತಲೇ ಇರುತ್ತಾನೆ, ಲೋಕ ಬಾಯಿ ಬಿಡುವುದಿಲ್ಲ. ಆಬ್ಸರ್ಡ್ ಇರುವುದು ಇವೆರಡರ ನಡುವೆ. ಒಂದನ್ನು ತೆಗೆದರೆ ಅದೂ ಇಲ್ಲ. ‘ಅಸಂಗತ’ ಅಂದರೆ ಜೊತೆಗೂಡಿ ಹೋಗದ್ದು. ಎರಡು ಇದ್ದರೆ ತಾನೇ ಕೂಡುವ ಮಾತು? ಅದಕ್ಕೇ ಇದು ಸರಿಯಾಗಿ ಕೂರುತ್ತದೆ. ‘ಅಸಂಗತತೆ’ ಅಂತ ಎಳೆಯಬೇಡಿ. ಫ್ರೆಂಚಿನಲ್ಲೂ ವಿಶೇಷಣವನ್ನೇ ನಾಮಪದ ಮಾಡಿಕೊಂಡಿದ್ದಾರೆ.

ಪದದ ಬೇರು ಇನ್ನೂ ಚೆನ್ನಾಗಿದೆ. ಲ್ಯಾಟಿನ್ನಿನ ‘ಅಬ್ಸುರ್ದುಸ್’ ಅಂದರೆ ಶ್ರುತಿ ತಪ್ಪಿದ್ದು, ನಮ್ಮ ಅಪಸ್ವರ ಇದ್ದಹಾಗೆ. ಅದರೊಳಗಿನ ‘ಸುರ್ದುಸ್’ ಅಂದರೆ ಕಿವುಡು. ಈಗ ಕಮೂವಿನ ಮನೆ ನೆನಪು ಮಾಡಿಕೊಳ್ಳಿ. ಅಲ್ಜೀರಿಯಾದ ಅಲ್ಜೀರ್ಸ್ ನಗರದ ಬೆಲ್ಕೂರ್, ಬಡವರ ಕೇರಿ. ಮಗನಿಗೆ ಒಂದು ವರ್ಷ ತುಂಬುವ ಮೊದಲೇ, 1914ರಲ್ಲಿ, ಅಪ್ಪ ಯುದ್ಧದಲ್ಲಿ ತೀರಿಹೋದ. ತಾಯಿಗೆ ಕಿವಿ ಸರಿಯಾಗಿ ಕೇಳದು, ಓದು ಬಾರದು. ಕಂಡವರ ಮನೆಕೆಲಸ ಮುಗಿಸಿ ಬಂದು, ಕತ್ತಲಾಗುತ್ತಿದ್ದರೂ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಿದ್ದಳು, ನೆಲ ನೋಡುತ್ತಾ. ಮಗ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಬೇರು ಹಿಡಿದು ಅರ್ಥ ಕಟ್ಟಬಾರದು, ಒಪ್ಪುತ್ತೇನೆ. ಆದರೆ ಉತ್ತರ ಕೊಡದ ಲೋಕದ ಬಗ್ಗೆ ಅವನು ಬರೆದಲ್ಲೆಲ್ಲ ನನಗೆ ಆ ಕುರ್ಚಿ ಕಾಣುತ್ತದೆ.

‘ಅಸಂಬದ್ಧ’ ಬಿಡಿ. ಅದು ತಲೆಬುಡ ಇಲ್ಲದ ಮಾತಿಗೆ.

ಉತ್ತರ 4:
‘ಅಸಂಗತ’ ಅಂದ ಕೂಡಲೇ ನಮ್ಮವರಿಗೆ ಅಸಂಗತ ನಾಟಕ ನೆನಪಾಗುತ್ತದೆ. ಬೆಕೆಟ್, ಅಯನೆಸ್ಕೊ ಬರೆದಂಥವು. ಕಮೂ ಬರೆಯುವುದು ಹಾಗಲ್ಲ ಅಲ್ವಾ? ಅವನ ವಾಕ್ಯ ನೇರ, ಬಿಸಿಲಿನಷ್ಟು ನಿಚ್ಚಳ. ಅದಕ್ಕಿಂತ ‘ಆಬ್ಸರ್ಡ್’ ಅಂತಲೇ ಬರೆಯಿರಿ.

ಉತ್ತರ 2, ಮತ್ತೆ:
ಬಂತು ನೋಡಿ. ಸಂಸ್ಕೃತ ಸಾಲದೆ ಈಗ ಇಂಗ್ಲಿಷು. ಮೇಜು ಕುರ್ಚಿ ವಸ್ತುವಿನ ಜೊತೆ ಬಂದವು, ಸರಿ. ಯೋಚನೆಗೂ ಸಾಲದ ಪದವೇ ಬೇಕೆಂದರೆ ಕನ್ನಡದಲ್ಲಿ ಯೋಚಿಸುವುದು ಯಾವಾಗ?

ಉತ್ತರ 3, ಮತ್ತೆ:
ಸಾಲವೇ ಬೇಡ ಅಂದರೆ ‘ಕಾದಂಬರಿ’ಯನ್ನೂ ಬಿಡಬೇಕಾಗುತ್ತದೆ. ಅದು ಬಾಣನ ಕಥಾನಾಯಕಿಯ ಹೆಸರು. ಫ್ರೆಂಚರೂ ‘ಆಬ್ಸರ್ಡ್’ ತಂದದ್ದು ಲ್ಯಾಟಿನ್ನಿನಿಂದ. ‘ಹೊಂದಿಕೆಗೇಡು’ ಒಳ್ಳೆಯ ಪದ, ಆದರೆ ಅದರಲ್ಲಿ ‘ಕೇಡು’ ಇದೆ. ಮೊದಲು ಸರಿಯಿದ್ದು ಆಮೇಲೆ ಕೆಟ್ಟಿತು ಅನ್ನಿಸುತ್ತದೆ. ಕಮೂ ಪ್ರಕಾರ ಅದು ಎಂದೂ ಸರಿಯಿರಲಿಲ್ಲ.

ಕೇಳಿದವರಿಂದ:
‘ಕಮೂ ಮತ್ತು ಅಸಂಗತ’ ಅಂತ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್. ‘ಹೊಂದಿಕೆಗೇಡು’ ಮೊದಲ ದಿನದ ಮಾತಿಗೆ ಇಟ್ಟುಕೊಂಡಿದ್ದೇನೆ. ಇನ್ನೊಂದು ಬಾಕಿ ಇದೆ. 1942ರ ಕಾದಂಬರಿಯ ಹೆಸರು ‘ಲೆತ್ರಾಂಜೆ’. ಆ ಫ್ರೆಂಚ್ ಪದಕ್ಕೆ ಪರದೇಶದವನು, ಗುರುತಿಲ್ಲದವನು, ಹೊರಗಿನವನು ಮೂರೂ ಅರ್ಥ ಇದೆ. ನಾವು ಯಾವುದನ್ನು ಹೇಳೋಣ? ಶುಕ್ರವಾರದವರೆಗೆ ಟೈಮ್ ಇದೆ.